ಕಣಕಿ, ಲಗ್ನಪತ್ರಿಕೆ, ಗೋವಿನಜೋಳದ ಸಿಪ್ಪೆ: ಪ್ರಾಥಮಿಕ ಶಾಲೆಯ ಕ್ರಿಸ್‌ಮಸ್ ಕೈಕೆಲಸಗಳು

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿಯ ಸ್ಟೇಷನರಿ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಗಿಡ, ಮಿಂಚುವ ಹಾರ, ಥರ್ಮಾಕೋಲ್ ಉಂಡೆಗಳ ಪಾಕೀಟುಗಳು ತೂಗುತ್ತವೆ. ಶಾಲೆಗೆ ಅವು ಬೇಕಾಗಿಲ್ಲ. ಪಾಕೀಟು ಒಡೆದು ಅಂಟಿಸಿದರೆ ಗೋಡೆ ಚಂದ ಕಾಣುತ್ತದೆ, ಮಕ್ಕಳ ಕೈಗೆ ಮಾತ್ರ ಏನೂ ಹತ್ತುವುದಿಲ್ಲ. ಇದೇ ಹೊತ್ತಿಗೆ ನಮ್ಮ ಸುತ್ತ ಏನೇನು ಸಿಗುತ್ತದೆ ನೋಡಿ: ಮುಂಗಾರಿ ಜೋಳದ ಕಣಕಿ (ಒಣಗಿದ ದಂಟು), ಹಾವೇರಿ ಕಡೆ ಗೋವಿನಜೋಳದ (ಮೆಕ್ಕೆಜೋಳದ) ಸಿಪ್ಪೆ, ಬಿಡಿಸಿದ ಹತ್ತಿ, ತುಳಸಿ ಲಗ್ನ ಮುಗಿದ ಮೇಲೆ ಮನೆ ಮನೆಯಲ್ಲಿ ಗುಡ್ಡೆಯಾಗುವ ಲಗ್ನಪತ್ರಿಕೆಗಳು, ಗದಗಿನ ಪ್ರೆಸ್‌ಗಳಲ್ಲಿ ಕಟಿಂಗ್ ಮಾಡಿ ಉಳಿದ ಕಾಗದದ ಪಟ್ಟಿಗಳು, ಖಾಲಿಯಾದ ಪೇಢೆ ಡಬ್ಬಿಗಳು. ಕೆಳಗಿನ ಕೆಲಸಗಳು ಹೆಚ್ಚಾಗಿ ಇವುಗಳಿಂದಲೇ ಆಗುತ್ತವೆ. ಪ್ರತಿ ಕೆಲಸದಲ್ಲೂ ಗಣಿತದ್ದೋ ಪರಿಸರ ಅಧ್ಯಯನದ್ದೋ ಒಂದು ಪಾಠ ಇದೆ. ಪಾಠ ಇಲ್ಲದ್ದನ್ನು ಬಿಟ್ಟಿದ್ದೇವೆ.

ಎಲ್ಲವನ್ನೂ ಮಾಡಿಸಲು ಹೋಗಬೇಡಿ. ಒಂದು ತರಗತಿಗೆ ಎರಡು ಕೆಲಸ ಸಾಕು. 1 ಮತ್ತು 2ನೇ ತರಗತಿಗೆ ಕಾಗದದ ಸರಪಳಿ ಮತ್ತು ಟೊಪ್ಪಿಗೆ, 3ಕ್ಕೆ ಬೆಸಸಂಖ್ಯೆಯ ಗಿಡ ಮತ್ತು ಸಿಪ್ಪೆಯ ಗೊಂಬೆ, 4 ಮತ್ತು 5ಕ್ಕೆ ಕಸೂತಿ ಕಾರ್ಡು, ಹಿಮದ ಹರಳು, ನಕ್ಷತ್ರದ ಬುಟ್ಟಿ ಹೊಂದುತ್ತವೆ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹಂಚುವುದಕ್ಕೆ ಹತ್ತು ನಿಮಿಷ, ಕಸ ಎತ್ತುವುದಕ್ಕೆ ಐದು ನಿಮಿಷ ಹೋಗುತ್ತದೆ. ಕೆಲಸಕ್ಕೆ ಉಳಿಯುವುದು ಇಪ್ಪತ್ತೈದೇ ನಿಮಿಷ. ಕತ್ತರಿಸುವ ಕೆಲಸ ಒಂದು ದಿನ, ಅಂಟಿಸುವ ಕೆಲಸ ಮರುದಿನ ಇಟ್ಟುಕೊಂಡರೆ ಗದ್ದಲ ಅರ್ಧ ಕಡಿಮೆ.

ಮೊದಲು ಅಂಟು

ನಲವತ್ತು ಮಕ್ಕಳಿಗೆ ಫೆವಿಕಾಲ್ ಕೊಂಡು ಪೂರೈಸುವುದು ಕಷ್ಟ, ಕಾಗದದ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ. ಮೈದಾ ಅಂಟು ಸಾಕು. ಎರಡು ದೊಡ್ಡ ಚಮಚ ಮೈದಾ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಇನ್ನೊಂದು ಲೋಟ ನೀರು ಕಾಯಿಸಿ, ಕಲಸಿದ ಹಿಟ್ಟನ್ನು ತೆಳ್ಳಗೆ ಸುರಿಯುತ್ತ ಕೈ ಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಾಜಿನಂತೆ ಅರೆಪಾರದರ್ಶಕ ಆಯಿತೆಂದರೆ ಇಳಿಸಬಹುದು. ಒಣ ಹಿಟ್ಟನ್ನೇ ಕುದಿಯುವ ನೀರಿಗೆ ಹಾಕಿದರೆ ಹಿಟ್ಟಿನ ಹೊರಮೈ ತಕ್ಷಣ ಬೆಂದು ಗಂಟಾಗುತ್ತದೆ, ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಆಮೇಲೆ ಎಷ್ಟು ತಿರುವಿದರೂ ಗಂಟು ಒಡೆಯದು.

ಈ ಅಂಟು ಎರಡು ದಿನ ಇರುತ್ತದೆ, ಮೂರನೇ ದಿನ ಹುಳಿ ನಾತ ಬರುತ್ತದೆ. ಹುಳ ಬರದಿರಲೆಂದು ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಶಾಲೆಯ ಅಂಟಿಗೆ ಹಾಕಲೇಬಾರದು. ಹಚ್ಚುವುದಕ್ಕೆ ಕುಂಚ ಬೇಡ, ಲಗ್ನಪತ್ರಿಕೆಯಿಂದ ಬೆರಳಗಲದ ತುಂಡು ಕತ್ತರಿಸಿ ಕೊಡಿ. ಮಕ್ಕಳು ಅಂಟು ಹೆಚ್ಚು ಹಚ್ಚುತ್ತಾರೆ, ತೆಳು ಕಾಗದ ಹಸಿಯಾಗಿ ಹರಿಯುತ್ತದೆ. “ಹಾಳೆ ಮ್ಯಾಲೆ ಅಂಟು ಕಾಣಬಾರದು, ಬರೀ ಒದ್ದಿ ಕಾಣಬೇಕು” ಎಂದು ಹೇಳಿಕೊಟ್ಟರೆ ಅಳತೆ ತಿಳಿಯುತ್ತದೆ.

ಸರಪಳಿಯೇ ಕಾಲರೇಖೆ

ಎ4 ಹಾಳೆಯ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. ಉದ್ದದ ಮೇಲೆ 3 ಸೆಂ.ಮೀ.ಗೊಂದು ಗುರುತು ಹಾಕಿ ಅಡ್ಡ ಕತ್ತರಿಸಿದರೆ 21 ಸೆಂ.ಮೀ. ಉದ್ದದ 9 ಪಟ್ಟಿ ಸಿಗುತ್ತವೆ, ತುಸು ಉಳಿಯುತ್ತದೆ. ಪ್ರೆಸ್ ಕಟಿಂಗ್ ಸಿಕ್ಕರೆ ಇಷ್ಟೂ ಕೆಲಸ ಇಲ್ಲ. ಪಟ್ಟಿಯ ತುದಿಗಳನ್ನು ಒಂದೂವರೆ ಸೆಂ.ಮೀ. ಮೇಲಿಟ್ಟು ಅಂಟಿಸಿ ಬಳೆ ಮಾಡಬೇಕು. ಮುಂದಿನ ಪಟ್ಟಿಯನ್ನು ಆ ಬಳೆಯೊಳಗೆ ತೂರಿಸಿ ಅಂಟಿಸಬೇಕು. ಒಂದನೇ ತರಗತಿಯವರಿಗೆ ಕೆಂಪು, ಹಸಿರು, ಬಿಳಿ ಹೀಗೆ ಸಾಲು ಹೇಳಿ. ಹದಿನೇಳನೇ ಬಳೆ ಯಾವ ಬಣ್ಣದ್ದು ಎಂದು ಮಾಡುವ ಮೊದಲೇ ಕೇಳಿ. ಉತ್ತರ ಹಸಿರು: ಹದಿನೈದಕ್ಕೆ ಐದು ಸುತ್ತು ಮುಗಿದು ಎರಡು ಉಳಿಯುತ್ತವೆ.

ಇದೇ ಸರಪಳಿ 5ನೇ ತರಗತಿಗೆ ಇತಿಹಾಸ ಆಗುತ್ತದೆ. ಒಂದು ಬಳೆ ಎಂದರೆ ಹತ್ತು ವರ್ಷ. ಮೊದಲನೇ ಬಳೆ 1830ರ ದಶಕ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834, ಧಾರವಾಡಕ್ಕೆ 1837, ಎರಡೂ ಆ ಬಳೆಯ ಮೇಲೆ ಬರುತ್ತವೆ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದ 1894 ಏಳನೇ ಬಳೆ. ಸ್ವಾತಂತ್ರ್ಯದ 1947 ಹನ್ನೆರಡು, ಏಕೀಕರಣದ 1956 ಹದಿಮೂರು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973 ಹದಿನೈದು, ‘ಹುಬ್ಳಿ’ ಅಧಿಕೃತವಾಗಿ ಹುಬ್ಬಳ್ಳಿಯಾದ 2014 ಹತ್ತೊಂಬತ್ತು. ಇಪ್ಪತ್ತನೇ ಬಳೆಯ ಮೇಲೆ ಮಕ್ಕಳು ತಾವು ಶಾಲೆಗೆ ಸೇರಿದ ಇಸವಿ ಬರೆದುಕೊಳ್ಳಲಿ. ಧಾರವಾಡದ ಮಕ್ಕಳಿಗೆ ಕಿಟೆಲ್ ಎಂಬುದು ಕಾಲೇಜಿನ ಹೆಸರಾಗಿ ಗೊತ್ತಿರುತ್ತದೆ. ಕ್ರಿಸ್‌ಮಸ್ ಆಚರಿಸುವ ಸಮುದಾಯ ಈ ಊರಿನ ಭಾಷೆಗೂ ಶಾಲೆಗೂ ಹೇಗೆ ನಂಟಾಯಿತು ಎಂಬುದು ಸರಪಳಿಯಲ್ಲೇ ಕಾಣುತ್ತದೆ. ಬರೆಯುವುದು ಅಂಟಿಸುವ ಮೊದಲೇ ಆಗಲಿ, ಬಳೆಯ ಮೇಲೆ ಬರೆಯಲು ಬರುವುದಿಲ್ಲ.

ಟೊಪ್ಪಿಗೆ

ಸಾಂತಾ ಟೊಪ್ಪಿಗೆ ಮಾಡಲು ವೃತ್ತದ ಅರ್ಧ ಭಾಗ ಸಾಕು. ಈ ವಯಸ್ಸಿನ ಮಕ್ಕಳ ತಲೆಯ ಸುತ್ತಳತೆ ಸುಮಾರು 51ರಿಂದ 53 ಸೆಂ.ಮೀ. ಅಂಟಿಸಲು 2 ಸೆಂ.ಮೀ. ಸೇರಿಸಿದರೆ 55. ಅರ್ಧವೃತ್ತದ ತ್ರಿಜ್ಯ ಹದಿನೇಳೂವರೆ ಸೆಂ.ಮೀ. ಇಟ್ಟರೆ ಬಾಗಿದ ಅಂಚು ಸರಿಯಾಗಿ 55 ಬರುತ್ತದೆ. 56 × 71 ಸೆಂ.ಮೀ. ಚಾರ್ಟ್ ಪೇಪರಿನಲ್ಲಿ ಅಂಥವು 71 ಸೆಂ.ಮೀ. ಉದ್ದಕ್ಕೆ ಎರಡು, 56 ಸೆಂ.ಮೀ. ಅಡ್ಡಕ್ಕೆ ಮೂರು, ಒಟ್ಟು ಆರು ಕೂಡುತ್ತವೆ. ನಲವತ್ತು ಮಕ್ಕಳಿಗೆ ಏಳು ಕೆಂಪು ಹಾಳೆ. ಇಷ್ಟು ದೊಡ್ಡ ವೃತ್ತಕ್ಕೆ ಕೈವಾರ ಸಾಲದು, ದಾರಕ್ಕೆ ಪೆನ್ಸಿಲ್ ಕಟ್ಟಿ ಎಳೆಯಿರಿ. ಸ್ಟೇಪ್ಲರ್ ಹೊಡೆದರೆ ಪಿನ್ನಿನ ಮೊನೆ ಹೊರಗೆ ಬರುವಂತೆ ಹೊಡೆದು ಮೇಲೆ ಟೇಪು ಹಚ್ಚಿ. ಮೊನೆ ಒಳಗಿದ್ದರೆ ಜಡೆಗೆ ಸಿಕ್ಕುತ್ತದೆ.

ಅಂಚಿಗೆ ಹತ್ತಿ. ಬೀಜ ಇರುವ ಹತ್ತಿಯನ್ನೇ ತರಿಸಿ ಮಕ್ಕಳ ಕೈಲೇ ಬೀಜ ಬಿಡಿಸಿ, ಒಂದೊಂದು ಕಾಯಿಯ ಹತ್ತಿಯಲ್ಲಿ ಎಷ್ಟೆಷ್ಟು ಬೀಜ ಸಿಕ್ಕವು ಎಂದು ಬೋರ್ಡಿನ ಮೇಲೆ ಪಟ್ಟಿ ಮಾಡಿ. ಸಾಂತಾ ಎಂಬ ಹೆಸರು ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬಲ್ಲಿದ್ದ ಬಿಷಪ್ ನಿಕೋಲಸ್ ಅವರಿಂದ ಬಂದದ್ದು ಎಂದು ಒಂದು ಮಾತು ಹೇಳಿ, ನಕಾಶೆಯಲ್ಲಿ ಟರ್ಕಿ ತೋರಿಸಿದರೆ ಸಾಕು.

ಬೆಸಸಂಖ್ಯೆಯ ಗಿಡ

ಮೇಲಿನ ಸಾಲಿನಲ್ಲಿ ಒಂದು ಹಸಿರು ಚೌಕ, ಕೆಳಗೆ 3, ಅದರ ಕೆಳಗೆ 5, 7, ನಡುವೆ ಕಂದು ಕಾಂಡ. ಚೌಕಕ್ಕೆ 4 ಸೆಂ.ಮೀ. ಅಳತೆ ಸಾಕು. ಪ್ರತಿ ಸಾಲು ಮುಗಿದಾಗ ಒಟ್ಟು ಎಷ್ಟು ಎಂದು ಬರೆಸಿ: 1, 4, 9, 16. ಆಮೇಲೆ ಆ 16 ಚೌಕಗಳನ್ನೇ ಎತ್ತಿ ನಾಲ್ಕು ನಾಲ್ಕರ ಸಾಲಿನಲ್ಲಿ ಜೋಡಿಸಲು ಹೇಳಿ, ಸರಿಯಾದ ಒಂದು ಚೌಕ ಆಗುತ್ತದೆ. ಐದನೇ ಸಾಲು ಹಾಕಿದರೆ 25, ಅದೂ ಚೌಕವೇ. ಇದಕ್ಕಾಗಿ ಮೊದಲೇ ಅಂಟಿಸಬಾರದು, ನೆಲದ ಮೇಲೆ ಜೋಡಿಸಿ ಆಡಿದ ಮೇಲೆ ಅಂಟು. ಕಾಗದ ಇಲ್ಲದಿದ್ದರೆ ಶೇಂಗಾ ಸಿಪ್ಪೆಯಿಂದಲೂ ಆಗುತ್ತದೆ. ಬ್ಯಾಡಗಿ ಕಡೆಯವರು ಒಣ ಮೆಣಸಿನಕಾಯಿ ಇಡಲು ಹೋಗಬೇಡಿ, ಆ ಕೈ ಕಣ್ಣಿಗೆ ಹೋಗುವುದು ಖಂಡಿತ.

ಕಸೂತಿ ಕಾರ್ಡು

ಧಾರವಾಡದ ಶಾಲೆಗಳಿಗೆ ಇದಕ್ಕಿಂತ ಒಪ್ಪುವ ಕ್ರಿಸ್‌ಮಸ್ ಕೆಲಸ ಇನ್ನೊಂದಿಲ್ಲ. ಕಸೂತಿಯ ಗವಂತಿ ಹೊಲಿಗೆ ಹೋಗುತ್ತ ಒಂದು ಬಿಟ್ಟು ಒಂದು, ಬರುತ್ತ ಬಿಟ್ಟದ್ದನ್ನು ತುಂಬುವ ಹೊಲಿಗೆ. ಅದಕ್ಕೇ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಮೆಟ್ಟಿಲಿನಂತೆ ಏರುವುದು ಮುರ್ಗಿ. ಕ್ರಿಸ್‌ಮಸ್ ಗಿಡದ ಅಂಚು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಮುರ್ಗಿಗೆ ಹೇಳಿ ಮಾಡಿಸಿದ ನಮೂನೆ. ಬಟ್ಟೆಯ ಬದಲು ದಪ್ಪ ಲಗ್ನಪತ್ರಿಕೆ, ರೇಷ್ಮೆ ದಾರದ ಬದಲು ಉಲ್ಲನ್ ದಾರ.

ಬೇಕಾದದ್ದು: ಕನಿಷ್ಠ 13 × 10 ಸೆಂ.ಮೀ. ಇರುವ ಖಾಲಿ ಕಾರ್ಡು, 1 ಸೆಂ.ಮೀ. ಚೌಕಳಿ ಹಾಳೆ, 50 ಸೆಂ.ಮೀ. ಹಸಿರು ದಾರ, 50 ಸೆಂ.ಮೀ. ಕೆಂಪು ದಾರ, ದೊಡ್ಡ ಕಣ್ಣಿನ ಮೊಂಡು ಸೂಜಿ, ತೂತು ಹೊಡೆಯಲು ದಬ್ಬಣ, ಅಡಿಯಲ್ಲಿಡಲು ಹಳೆಯ ರಬ್ಬರ್ ಚಪ್ಪಲಿ.

1. ಚೌಕಳಿ ಹಾಳೆಯ ಮೇಲೆ ತುದಿಯಲ್ಲಿ ಒಂದು ಚುಕ್ಕೆ ಇಟ್ಟು ಅಲ್ಲಿಂದ ಬಲಕ್ಕೆ ಒಂದು ಮನೆ, ಕೆಳಗೆ ಒಂದು ಮನೆ, ಮತ್ತೆ ಬಲಕ್ಕೆ, ಕೆಳಗೆ ಹೀಗೆ ಐದು ಮೆಟ್ಟಿಲು ಇಳಿಯಿರಿ. ಅದೇ ಚುಕ್ಕೆಯಿಂದ ಎಡಕ್ಕೂ ಐದು ಮೆಟ್ಟಿಲು.

2. ಬಲಗಡೆ ಕೆಳತುದಿಯಿಂದ ಒಳಕ್ಕೆ ನಾಲ್ಕು ಮನೆ, ಕೆಳಕ್ಕೆ ಎರಡು, ಎಡಕ್ಕೆ ಎರಡು, ಮೇಲಕ್ಕೆ ಎರಡು, ಎಡಕ್ಕೆ ನಾಲ್ಕು. ಅಲ್ಲಿಗೆ ಎಡಗಡೆ ಕೆಳತುದಿ ಮುಟ್ಟಿ ಗಿಡ ಮುಚ್ಚಿಕೊಳ್ಳುತ್ತದೆ. ಅಗಲ 10, ಎತ್ತರ 7. ಸುತ್ತಲೂ ಎಣಿಸಿದರೆ 34 ಹೊಲಿಗೆ, 34 ತೂತು. ಎಣಿಕೆ ತಪ್ಪಿದ್ದರೆ ತೂತು ಹೊಡೆಯುವ ಮೊದಲೇ ಸರಿಮಾಡಿಸಿ, ಆಮೇಲೆ ಆಗದು.

3. ಹಾಳೆಯನ್ನು ಕಾರ್ಡಿನ ಮೇಲಿಟ್ಟು ನಾಲ್ಕು ಮೂಲೆಗೆ ಕ್ಲಿಪ್ ಹಾಕಿ, ಕೆಳಗೆ ಚಪ್ಪಲಿ ಇಟ್ಟು 34 ಚುಕ್ಕೆಯಲ್ಲೂ ತೂತು ಹೊಡೆಯಿರಿ. ದಬ್ಬಣದ ಕೆಲಸ ಗುರುಗಳದ್ದು. ತೂತಿನ ನಡುವೆ ಅರ್ಧ ಸೆಂ.ಮೀ.ಗಿಂತ ಕಡಿಮೆ ಅಂತರ ಇಟ್ಟರೆ ದಾರ ಎಳೆದಾಗ ಕಾರ್ಡು ಹರಿಯುತ್ತದೆ, ಅದಕ್ಕೇ 1 ಸೆಂ.ಮೀ.

4. ಹಸಿರು ದಾರ ಮೊದಲ ತೂತಿನಿಂದ ಮೇಲೆ ಬಂದು ಎರಡನೆಯದರಲ್ಲಿ ಇಳಿಯಲಿ, ಮೂರರಲ್ಲಿ ಏಳಲಿ, ನಾಲ್ಕರಲ್ಲಿ ಇಳಿಯಲಿ. ಗಂಟು ಹಾಕದೆ ಹಿಂದೆ ಎಂಟು ಸೆಂ.ಮೀ. ಬಾಲ ಬಿಡಿ. ಸುತ್ತು ಮುಗಿದಾಗ ಮುಂದೆ 17, ಹಿಂದೆ 17 ಹೊಲಿಗೆ ಇರಬೇಕು.

5. ಕೆಂಪು ದಾರ ಎರಡನೇ ತೂತಿನಿಂದ ಶುರು. ಅದು ಖಾಲಿ ಉಳಿದ 17 ಮನೆ ತುಂಬುತ್ತದೆ. ಮುಂದೆ ಒಂದು ಹಸಿರು ಒಂದು ಕೆಂಪು, ತಿರುಗಿಸಿದರೂ ಅದೇ. ಕೊನೆಗೆ ಬಾಲಗಳನ್ನು ಹಿಂದೆ ಕಟ್ಟಿ.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಮಗು ಸೂಜಿಯನ್ನು ಕಾರ್ಡಿನ ಅಂಚಿನ ಮೇಲಿಂದ ಸುತ್ತಿ ತರುತ್ತದೆ, ದಾರ ಕಾರ್ಡನ್ನೇ ಮಡಚುತ್ತದೆ. ಎರಡನೆಯದು, ಒಂದು ತೂತು ಬಿಟ್ಟುಹೋಗುವುದು. ಬಿಟ್ಟುಹೋದಲ್ಲಿ ಹೊಲಿಗೆ ಮೆಟ್ಟಿಲಿನ ಮೇಲೆ ಓರೆಯಾಗಿ, ನೇರ ಗೆರೆಯ ಮೇಲೆ 2 ಸೆಂ.ಮೀ. ಉದ್ದ ಇರುತ್ತದೆ, ಅಷ್ಟು ನೋಡಿದರೆ ಎಲ್ಲಿ ತಪ್ಪಿದೆ ಎಂದು ಮಗುವೇ ಹುಡುಕುತ್ತದೆ.

ಐದನೇ ತರಗತಿಯ ಚುರುಕಿನವರಿಗೆ ಇನ್ನೊಂದು ಪ್ರಶ್ನೆ ಕೊಡಿ. ಒಂದೇ ಬಣ್ಣದ ಒಂದೇ ಉದ್ದ ದಾರದಲ್ಲಿ ಇಡೀ ಗಿಡ ಮುಗಿಸಬೇಕು, ಸುತ್ತು ಮುಗಿದ ಮೇಲೆ ಯಾವ ದಿಕ್ಕಿಗೆ ಹೋಗಬೇಕು? 34 ಸಮಸಂಖ್ಯೆ. ಅದೇ ದಿಕ್ಕಿಗೆ ಮುಂದುವರಿದರೆ ಹಾಕಿದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ, ಬಂದ ದಾರಿಯಲ್ಲಿ ಹಿಂದಿರುಗಿದರೆ ಮಾತ್ರ ಖಾಲಿ ಮನೆ ತುಂಬುತ್ತವೆ. ಒಟ್ಟು ಹೊಲಿಗೆ ಬೆಸಸಂಖ್ಯೆ ಆಗಿದ್ದರೆ ಮುಂದಕ್ಕೇ ಹೋಗಬಹುದಿತ್ತು. ಐದು ತೂತಿನ ಸಣ್ಣ ನಕ್ಷತ್ರದ ಮೇಲೆ ಮಾಡಿ ನೋಡಲಿ.

ಹಿಮದ ಹರಳು

ಮಕ್ಕಳು ಕಾಗದವನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚುತ್ತಾರೆ. ಬಿಚ್ಚಿದರೆ ನಾಲ್ಕೋ ಎಂಟೋ ತೋಳು. ನಿಜವಾದ ಹಿಮದ ಹರಳಿಗೆ ಆರು, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಷಟ್ಕೋನದಲ್ಲಿ ಕೂರುತ್ತವೆ. ಆರು ಬೇಕೆಂದರೆ ಮೂರರ ಮಡಿಕೆ ಬರಬೇಕು. 15 ಸೆಂ.ಮೀ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ. ಉದ್ದ ಬದಿಯ ನಡುಬಿಂದು ಗುರುತಿಸಿ. ಅಲ್ಲಿಂದ ಬಲಗಡೆಯದನ್ನು 60 ಡಿಗ್ರಿಗೆ ಮೇಲೆ ಮಡಚಿ, ಎಡಗಡೆಯದನ್ನು ಅದರ ಮೇಲೆ. ಎರಡೂ ಅಂಚು ಸರಿಯಾಗಿ ಕೂತರೆ ಮೂರು ಭಾಗ ಸಮ ಆಗಿದೆ. ಕೊನೆಗೆ ನಡುವೆ ಒಂದು ಮಡಿಕೆ, ಮೇಲಿನ ಬಾಲಗಳನ್ನು ಓರೆಯಾಗಿ ಕತ್ತರಿಸಿ, ಅಂಚಿನಲ್ಲಿ ಬೇಕಾದ ಕಚ್ಚು ಹಾಕಿ. ಅಷ್ಟು ಹೊತ್ತಿಗೆ ಹನ್ನೆರಡು ಪದರ ಆಗಿರುತ್ತದೆ. ನೋಟ್‌ಬುಕ್ಕಿನ ಹಾಳೆ ಆದರೆ ಮಕ್ಕಳ ಕತ್ತರಿ ಮುರಿದರೂ ಕತ್ತರಿಸದು, ಗಾಳಿಪಟದ ತೆಳು ಹಾಳೆಯನ್ನೇ ತನ್ನಿ. ಒಂದು ಮಡಿಕೆಯ ಅಂಚನ್ನು ಪೂರ್ತಿ ಕತ್ತರಿಸಿಬಿಟ್ಟರೆ ಹರಳು ಆರು ಚೂರಾಗಿ ಉದುರುತ್ತದೆ, ಮೊದಲೇ ಎಚ್ಚರಿಸಿ.

“ಅಕ್ಕೋರ್ರಿ, ನಮ್ಮೂರಾಗ ಹಿಮಾ ಯಾಕ ಬೀಳಂಗಿಲ್ಲ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಕ್ಕೆ ಅಂಗಳಕ್ಕೆ ಹೋಗಿ. ಡಿಸೆಂಬರ್ 21 ಅಥವಾ 22 ನಮ್ಮ ಅರ್ಧಗೋಳದ ಅತಿ ಚಿಕ್ಕ ಹಗಲು. ಹಿಂದೆ ಮುಂದೆ ಒಂದೆರಡು ದಿನ ಆದರೂ ಅಳತೆ ಹೆಚ್ಚು ಬದಲಾಗದು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆಟ್ಟಗಿದೆಯೋ ಎಂದು ಕಲ್ಲು ಕಟ್ಟಿದ ದಾರ ಇಳಿಬಿಟ್ಟು ನೋಡಿ. ಹನ್ನೆರಡು ಗಂಟೆಯಿಂದ ಒಂದರ ತನಕ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡಕ್ಕಲ್ಲ, ಹುಬ್ಬಳ್ಳಿ-ಧಾರವಾಡದಲ್ಲಿ ಸುಮಾರು 12 ಗಂಟೆ 28 ನಿಮಿಷಕ್ಕೆ. ನಮ್ಮ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು, ನಾವಿರುವುದು 75ರ ಹತ್ತಿರ. ಆ ಹೊತ್ತಿನ ನೆರಳು ಸುಮಾರು 81 ಸೆಂ.ಮೀ. ಬರುತ್ತದೆ. ಅಂದರೆ ವರ್ಷದಲ್ಲೇ ಅತಿ ಕೆಳಗಿರುವ ದಿನವೂ ನಮ್ಮ ಸೂರ್ಯ 51 ಡಿಗ್ರಿ ಎತ್ತರಕ್ಕೆ ಏರುತ್ತಾನೆ, ನೆಲ ಕಾಯುತ್ತದೆ, ಹಗಲು 11 ಗಂಟೆಗೂ ಮೇಲಿರುತ್ತದೆ. ಉತ್ತರ ಯುರೋಪಿನಲ್ಲಿ ಇದೇ ದಿನ ಸೂರ್ಯ ದಿಗಂತದ ಅಂಚು ಹಿಡಿದು ಸ್ವಲ್ಪ ಹೊತ್ತು ಕಂಡು ಮುಳುಗುತ್ತಾನೆ. ಎಲೆ ಉದುರಿದ ಆ ಚಳಿಗಾಲದಲ್ಲಿ ಹಸಿರು ಉಳಿದ ಗಿಡವನ್ನು ಮನೆಯೊಳಗೆ ತಂದು ದೀಪ ಹಚ್ಚುವ ರೂಢಿ ಬೆಳೆದದ್ದು ಅಲ್ಲಿ. ಆಸ್ಟ್ರೇಲಿಯಾದವರಿಗೆ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ ಎಂದರೆ ಮಕ್ಕಳು ನಂಬುವುದಿಲ್ಲ, ಗೋಳ ತಿರುಗಿಸಿ ತೋರಿಸಿ.

ಸಿಪ್ಪೆಯ ಗೊಂಬೆಗಳು ಮತ್ತು ಗೋದಲಿ

ಗೋವಿನಜೋಳದ ತೆನೆಯ ಹೊರಗಿನ ಒರಟು ಸಿಪ್ಪೆ ಬಿಟ್ಟು ಒಳಗಿನ ಮೆತ್ತನೆಯವನ್ನು ಆರಿಸಿ, ಒಂದು ಗೊಂಬೆಗೆ ಆರೇಳು. ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ ಬಟ್ಟೆಯಲ್ಲಿ ಒತ್ತಿ. ನೆನೆಸದೆ ಮಡಚಿದರೆ ಸೀಳುತ್ತದೆ. ನಾಲ್ಕು ಸಿಪ್ಪೆಯನ್ನು ಒಂದರ ಮೇಲೊಂದು ಇಟ್ಟು ತುದಿಯಲ್ಲಿ ಕಟ್ಟಿ, ನಡುವೆ ಗೋಲಿಯಷ್ಟು ಹತ್ತಿ ಇಟ್ಟು, ಸಿಪ್ಪೆಗಳನ್ನು ಮಗುಚಿ ಕೆಳಗೆ ತಂದು ಕುತ್ತಿಗೆ ಕಟ್ಟಿದರೆ ತಲೆ. ಇನ್ನೊಂದು ಸಿಪ್ಪೆಯನ್ನು ಸುರುಳಿ ಸುತ್ತಿ ಎರಡೂ ತುದಿ ಕಟ್ಟಿ, ಕುತ್ತಿಗೆಯ ಕೆಳಗೆ ಪದರಗಳ ನಡುವೆ ಅಡ್ಡ ತೂರಿಸಿದರೆ ಕೈ. ಸೊಂಟ ಕಟ್ಟಿ. ಉಳಿದ ಸಿಪ್ಪೆ ಬೆನ್ನಿಗೆ ಚಿಟ್ಟೆಯಂತೆ ಕಟ್ಟಿದರೆ ದೇವದೂತ, ತಲೆಗೆ ಹೊದಿಸಿದರೆ ಯೇಸುವಿನ ತಾಯಿ ಮರಿಯ, ಕೈಗೆ ಕಣಕಿಯ ಕೋಲು ಕೊಟ್ಟರೆ ಕುರಿಗಾಹಿ. ಒಣಗಿದಾಗ ಸಿಪ್ಪೆ ಕುಗ್ಗಿ ದಾರ ಸಡಿಲಾಗುತ್ತದೆ, ಮರುದಿನ ಇನ್ನೊಂದು ಸುತ್ತು ಬಿಗಿಯಬೇಕು. ಹಸಿ ಇರುವಾಗ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುತ್ತದೆ.

ಕುರಿ, ಎತ್ತು, ಕತ್ತೆ ಮಣ್ಣಿನವು. ಎರೆ ಮಣ್ಣು ಹಾಗೇ ಬಳಸಬೇಡಿ. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವ ಮಣ್ಣು ಅದು, ಹೊಲದಲ್ಲಿ ಬಾಯಿ ಬಿಡುವಂತೆ ಗೊಂಬೆಯೂ ಬಿಡುತ್ತದೆ. ಕುಂಬಾರರ ಹತ್ತಿರದ ಜೇಡಿಮಣ್ಣು ಉತ್ತಮ. ಎರೆಯೇ ಗತಿಯಾದರೆ ಮೂರು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಮರಳು ಮತ್ತು ನೆನೆಸಿ ಹಿಸುಕಿದ ಕಾಗದ ಸೇರಿಸಿ. ಗೊಂಬೆ 2 ಸೆಂ.ಮೀ.ಗಿಂತ ದಪ್ಪ ಇದ್ದರೆ ಅಡಿಯಿಂದ ಬೆರಳು ಹಾಕಿ ಟೊಳ್ಳು ಮಾಡಿ. ಮೂರು ನಾಲ್ಕು ದಿನ ನೆರಳಲ್ಲೇ ಒಣಗಲಿ.

ಕೊಟ್ಟಿಗೆಗೆ ಪೇಢೆ ಡಬ್ಬಿ ಮಲಗಿಸಿ, ಮೇಲೆ ಕಣಕಿ ಸೀಳಿ ಚಾವಣಿ. ಹಳ್ಳಿಯ ಮಕ್ಕಳಿಗೆ ದನದ ಗೋದಲಿ ಹೇಗಿರುತ್ತದೆ ಎಂದು ಹೇಳಿಕೊಡಬೇಕಿಲ್ಲ, ಅವರೇ ನಿಮಗೆ ತಿದ್ದುತ್ತಾರೆ. ಕಥೆ ಹೇಳುವಾಗ ಕ್ರೈಸ್ತರ ನಂಬಿಕೆ ಹೀಗೆ ಎಂದು ಹೇಳಿ. ಗೋದಲಿಯಲ್ಲಿ ಮಲಗಿಸಿದ ಮಗು ಯೇಸು ಮತ್ತು ಕುರುಬರು ಲೂಕನ ಸುವಾರ್ತೆಯಲ್ಲಿ ಬರುತ್ತಾರೆ, ನಕ್ಷತ್ರ ಮತ್ತು ಮೂಡಣದ ಜ್ಞಾನಿಗಳು ಮತ್ತಾಯನಲ್ಲಿ. ಜ್ಞಾನಿಗಳು ಮೂವರು ಎಂದು ಅಲ್ಲಿ ಬರೆದಿಲ್ಲ, ಮೂರು ಎಂದಿರುವುದು ಕಾಣಿಕೆಗಳು: ಚಿನ್ನ, ಧೂಪ, ರಕ್ತಬೋಳ. ಗೋದಲಿಯ ದೃಶ್ಯ ಕಟ್ಟಿ ತೋರಿಸುವ ಪದ್ಧತಿಯನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಶುರುಮಾಡಿದರೆಂದು ಹೇಳುತ್ತಾರೆ. ಬೇರೆ ಬೇರೆ ಧರ್ಮದ ಮಕ್ಕಳಿರುವ ಕ್ಲಾಸಿನಲ್ಲಿ ಪ್ರಾರ್ಥನೆ ಮಾಡಿಸುವುದು, ಕೈ ಮುಗಿಸುವುದು ಬೇಡ. ನೆರೆಯವರ ಹಬ್ಬವನ್ನು ತಿಳಿಯುವ ಪಾಠ ಇದು. ಕ್ಲಾಸಿನಲ್ಲಿ ಕ್ರೈಸ್ತ ಮಗು ಇದ್ದರೆ ಅವರ ಮನೆಯಲ್ಲಿ ಹಬ್ಬ ಹೇಗೆ ಎಂದು ಕೇಳಬಹುದು, ಆದರೆ ಒಂದೇ ಮಗುವನ್ನು ಎಲ್ಲರೆದುರು ನಿಲ್ಲಿಸಿ ಒತ್ತಾಯಿಸಬೇಡಿ.

ನಕ್ಷತ್ರದ ಬುಟ್ಟಿ

ದೀಪಾವಳಿಯ ಆಕಾಶಬುಟ್ಟಿ ಕಟ್ಟಿ ಗೊತ್ತಿದ್ದವರಿಗೆ ಇದು ಸುಲಭ. ಮೇದಾರರಲ್ಲಿ ಬಿದಿರಿನ ಸೀಳು ಹೇಳಿ ಮಾಡಿಸಿ: 60 ಸೆಂ.ಮೀ. ಉದ್ದದ 10 ಕಡ್ಡಿ, 12 ಸೆಂ.ಮೀ.ನ 5 ತುಂಡು. ಕಡ್ಡಿ ಬೆರಳಿಗಿಂತ ಸಣ್ಣ ಇರಲಿ, ಸಿಬಿರು ಹೋಗುವಂತೆ ಮರಳುಕಾಗದ ತಿಕ್ಕಿ. ಗಟ್ಟಿ ದಾರ 14 ಮೀಟರ್.

ಕಟ್ಟುವ ಮೊದಲೇ ಹತ್ತೂ ಕಡ್ಡಿಗೆ ಎರಡೂ ತುದಿಯಿಂದ 23 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿ. ಐದು ಮೂಲೆಯ ನಕ್ಷತ್ರದಲ್ಲಿ ಗೆರೆಗಳು ಒಂದನ್ನೊಂದು ದಾಟುವುದು ಅಲ್ಲೇ. ಕೈ ಎತ್ತದೆ ನಕ್ಷತ್ರ ಬರೆಯುವ ಕ್ರಮದಲ್ಲೇ ಐದು ಕಡ್ಡಿ ನೆಲದ ಮೇಲೆ ಜೋಡಿಸಿ, ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ, ಐದು ತುದಿ ಕಟ್ಟಿ, ಆಮೇಲೆ ಗುರುತು ಗುರುತಿಗೆ ಕೂರಿಸಿ ಐದು ದಾಟುಗಳನ್ನು ಕಟ್ಟಿ. ಗುರುತು ಇಲ್ಲದೆ ಅಂದಾಜಿನ ಮೇಲೆ ಕಟ್ಟಿದ ನಕ್ಷತ್ರ ಒಂದು ಕಡೆ ವಾಲುತ್ತದೆ, ಎರಡು ಚೌಕಟ್ಟು ಒಂದಕ್ಕೊಂದು ಕೂಡುವುದೇ ಇಲ್ಲ. ಇದೇ ಥರ ಇನ್ನೊಂದು ಚೌಕಟ್ಟು.

ಎರಡನ್ನೂ ಮೇಲೆ ಕೆಳಗೆ ಇಟ್ಟು ಐದು ತುದಿಗಳನ್ನು ಮಾತ್ರ ಜೋಡಿಸಿ ಕಟ್ಟಿ. ಈಗ ಒಳಗಿನ ಐದು ದಾಟುಗಳಲ್ಲಿ ಎರಡೂ ಚೌಕಟ್ಟನ್ನು ಅಗಲಿಸಿ 12 ಸೆಂ.ಮೀ. ತುಂಡು ನಿಲ್ಲಿಸಬೇಕು. ಅಕ್ಕಪಕ್ಕದ ಎರಡನ್ನು ಮೊದಲು ಹಾಕಿದರೆ ಬುಟ್ಟಿ ತಿರುಚಿಕೊಳ್ಳುತ್ತದೆ. ಒಂದು ಬಿಟ್ಟು ಒಂದು ಹಾಕುತ್ತ ಬನ್ನಿ, ಐದೂ ನಿಂತ ಮೇಲೆ ಬಿಗಿಯಿರಿ. ಬಿದಿರು ಸಿಗದೆ ಕಣಕಿಯಲ್ಲೇ ಮಾಡುವುದಾದರೆ ತುಂಡು 8 ಸೆಂ.ಮೀ.ಗೆ ಇಳಿಸಿ, ಕಣಕಿ ಅಷ್ಟು ಬಾಗದೆ ಮುರಿಯುತ್ತದೆ.

ಹಾಳೆ ಎಷ್ಟು ತುಂಡು ಬೇಕೆಂದು ಮಕ್ಕಳೇ ಎಣಿಸಲಿ. ಮುಂದೆ ಐದು ತ್ರಿಕೋನ, ಒಂದು ಪಂಚಕೋನ. ಹಿಂದೆ ಅಷ್ಟೇ. ಪಕ್ಕದಲ್ಲಿ ತುದಿಗೆ ಎರಡರಂತೆ ಹತ್ತು. ಒಟ್ಟು 22. ಮುಂದಿನ ತ್ರಿಕೋನದ ಬದಿಗಳು 23, 23, 14 ಸೆಂ.ಮೀ., ಪಕ್ಕದ್ದಕ್ಕೆ 23, 23, 12. ಎಲ್ಲದಕ್ಕೂ ಸುತ್ತ ಒಂದೂವರೆ ಸೆಂ.ಮೀ. ಹೆಚ್ಚಿಟ್ಟು ಕತ್ತರಿಸಿ, ಆ ಅಂಚನ್ನು ಕಡ್ಡಿಗೆ ಸುತ್ತಿ ಅಂಟಿಸಿ. ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ, ಅಂಟು ಒಣಗುವಾಗ ತಾನೇ ಬಿಗಿಯಾಗುತ್ತದೆ. ಹಿಂದಿನ ಪಂಚಕೋನ ಮತ್ತು ಕೆಳಗಿನ ಎರಡು ಪಕ್ಕದ ತ್ರಿಕೋನ ಹಾಗೇ ತೆರೆದಿರಲಿ: ಬಲ್ಬ್ ಹಾಕಲು ಒಂದು, ಗಾಳಿಗೆ ಎರಡು. ಅಂಟಿಸುವುದು 19 ತುಂಡು.

ಒಳಗೆ 5 ವ್ಯಾಟ್ ಎಲ್‌ಇಡಿ ಬಲ್ಬ್ ಮಾತ್ರ. ಮೇಣದಬತ್ತಿ, ಹಣತೆ, ಹಳೆಯ ಕಾಯುವ ಬಲ್ಬ್ ಯಾವುದೂ ಬೇಡ. 12 ಸೆಂ.ಮೀ. ಆಳದ ಬುಟ್ಟಿಯಲ್ಲಿ ಬಲ್ಬ್ ನಡುವೆ ತೂಗಿದರೆ ಹಾಳೆಗೂ ಅದಕ್ಕೂ ಸುಮಾರು 3 ಸೆಂ.ಮೀ. ಅಂತರ ಸಿಗುತ್ತದೆ. 8 ಸೆಂ.ಮೀ. ಕಣಕಿ ಬುಟ್ಟಿಗೆ ಆ ಅಂತರ ಸಾಲದು, ಅದನ್ನು ಬಲ್ಬ್ ಇಲ್ಲದೆ ಬೆಳಕಿನ ಕಿಟಕಿಯ ಮುಂದೆ ತೂಗುಹಾಕಿ. ವೈರಿನ ಕೆಲಸ ದೊಡ್ಡವರೇ ಮಾಡಬೇಕು. ಬಾಗಿಲ ಹೊರಗೆ ಕಟ್ಟಿದ್ದರೆ ರಾತ್ರಿ ಒಳಗೆ ತನ್ನಿ, ಧಾರವಾಡದ ಡಿಸೆಂಬರ್ ಇಬ್ಬನಿಗೆ ಮೈದಾ ಅಂಟು ಬೆಳಗಾಗುವಷ್ಟರಲ್ಲಿ ಬಿಟ್ಟಿರುತ್ತದೆ.

ಅಲಂಕಾರ ಜನವರಿ 6ರ ತನಕ ಇರಬಹುದು, ಚರ್ಚುಗಳಲ್ಲಿ ಜ್ಞಾನಿಗಳು ಬಂದ ದಿನವೆಂದು ನೆನೆಯುವುದು ಅದನ್ನೇ. ಇಳಿಸುವಾಗ ಬುಟ್ಟಿಯ ಹಾಳೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೈದಾ ಉಳಿದ ಕಡ್ಡಿಗೆ ಜಿರಲೆ, ಇಲಿ ಬರುತ್ತವೆ. ಬರೀ ಚೌಕಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿಟ್ಟರೆ ಮುಂದಿನ ದೀಪಾವಳಿಗೆ ಬರೀ ಹಾಳೆ ಹಚ್ಚಿದರಾಯಿತು. ಕಣಕಿ, ಸಿಪ್ಪೆ ತಿಪ್ಪೆಗೆ ಹೋಗಲಿ. ದಾರದ ತುಣುಕು ಅವುಗಳ ಜೊತೆ ದನದ ಹೊಟ್ಟೆ ಸೇರದಂತೆ ಮೊದಲೇ ಆರಿಸಿ ತೆಗೆಸಿ.